ಹನ್ನೊಂದು ವರ್ಷದ ನೋಡೋಣ

ಬೆಡ್‌ಶೀಟಿನ ಎರಡು ತುದಿ ಅಮ್ಮನ ಕೈಯಲ್ಲಿ, ಎರಡು ತುದಿ ದೊರೆಯ ಕೈಯಲ್ಲಿ ಇದ್ದಾಗ ಫೋನು ಹೊಡೆದುಕೊಂಡಿತು.

ಬೆಳಗಿನ ಎಂಟು ಗಂಟೆ. ಹಿಂದಿನ ಸಂಜೆ ತಂತಿಯಿಂದ ತಂದ ಬಟ್ಟೆಗಳ ರಾಶಿ ಸೋಫಾದ ಮೇಲೆ ಬಿಸಿಲಿನ ವಾಸನೆ ಹೊತ್ತು ಬಿದ್ದಿತ್ತು. ದೊರೆ ಕೆಲಸಕ್ಕೆ ಹೊರಡಲು ಇನ್ನೂ ಮುಕ್ಕಾಲು ಗಂಟೆ ಇತ್ತು. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ದಿನಕ್ಕೆ ಇನ್ನೂರು ಬೆಡ್‌ಶೀಟು ಮಡಚುವ ಅವನಿಗೆ, ಮನೆಯ ನಾಲ್ಕು ಬೆಡ್‌ಶೀಟನ್ನು ಯಾರಾದರೂ ಸೊಟ್ಟಗೆ ಮಡಚಿದರೆ ತಡೆಯದು. ಹಾಗಾಗಿ ದಿನ ಬಿಟ್ಟು ದಿನ ಅಮ್ಮ ಒಂದು ಬದಿ ಹಿಡಿಯುತ್ತಾಳೆ. ಒಂದು ಶೀಟಿಗೆ ಇಬ್ಬರು, ತುದಿ ನೆಲಕ್ಕೆ ತಾಗಬಾರದು. ಇದು ಲಾಂಡ್ರಿಯ ನಿಯಮವೆಂದು ಅಮ್ಮ ತಿಳಿದಿದ್ದಳು.

"ಹಿಡ್ಕೊಂಡಿರು ದೊರೆ, ಬಂದೆ," ಎಂದು ತನ್ನ ಎರಡು ತುದಿಗಳನ್ನು ಕುರ್ಚಿಯ ಬೆನ್ನಿಗೆ ಸಿಕ್ಕಿಸಿ ಅವಳು ಓಡಿದಳು.

"ಬಂದಿಲ್ಲ. ಹೋಗ್ತಿದೀಯ," ಎಂದ ದೊರೆ.

ದೊರೆಗೆ ಮೂವತ್ತೆರಡು ವರ್ಷ. ಬೇರೆ ಹೆಸರೂ ಇದೆ, ಅದು ಲಾಂಡ್ರಿಯ ಹಾಜರಿ ಪುಸ್ತಕದಲ್ಲಷ್ಟೇ ಚಾಲ್ತಿಯಲ್ಲಿದೆ. ಮೂರು ವರ್ಷದವನಿದ್ದಾಗ, ಮನೆಮಂದಿಯೆಲ್ಲ ಬಾಗಿಲಲ್ಲಿ ತುದಿಗಾಲಲ್ಲಿ ನಿಂತಿದ್ದರೂ ತನ್ನ ಹೊತ್ತಿಗೇ ಎದ್ದು, ತನ್ನ ಹೊತ್ತಿಗೇ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಅವನನ್ನು ನೋಡಿ ಅಪ್ಪ "ದೊರೆಗಳು ಬಂದ್ರಾ?" ಎನ್ನುತ್ತಿದ್ದರು. ಆಮೇಲೆ ಡಾಕ್ಟರು ಆ ನಿಧಾನಕ್ಕೆ ಉದ್ದನೆಯ ಇನ್ನೊಂದು ಹೆಸರು ಹೇಳಿದರು. ಮನೆಯವರು ಚಿಕ್ಕದನ್ನೇ ಉಳಿಸಿಕೊಂಡರು.

ದೊರೆ ಆಡಿದ ಮಾತನ್ನು ಆಡಿದಷ್ಟೇ ತೆಗೆದುಕೊಳ್ಳುತ್ತಾನೆ. ಮತ್ತೆ, ಪ್ರಶ್ನೆ ಕೇಳುವುದಿಲ್ಲ. ಮಾತು ಕಲಿಸುವ ಟೀಚರು ಏನು, ಯಾಕೆ, ಯಾವಾಗ ಎಂದು ಚಿತ್ರ ಹಿಡಿದುಕೊಂಡು ಎರಡು ವರ್ಷ ಹೆಣಗಿ, ಕೊನೆಗೆ ತಾವೇ ಎಲ್ಲ ಪ್ರಶ್ನೆಗಳನ್ನೂ ಕೇಳಿ ಮುಗಿಸಿ ಹೋದರು. ಬಾಯಾರಿದರೆ "ದೊರೆ ನೀರು ಕುಡೀತಾನೆ" ಎಂದು ವಾರ್ತೆ ಓದುವವರ ಹಾಗೆ ಹೇಳಿ ಹೋಗಿ ಕುಡಿಯುತ್ತಾನೆ. ಕೇಳುವುದು ಅವನ ಜಾಯಮಾನವಲ್ಲ.

"ಥೀಮ್ ಪಾರ್ಕಿನ ಸಹಾಯ ಕೌಂಟರಿಂದ ಮೇಡಂ," ಎಂದಿತು ಫೋನಿನ ಆ ಕಡೆಯ ಹೆಣ್ಣುದನಿ. "ನೀವು ಕಳಿಸಿದ ಫಾರಂನಲ್ಲಿ ಕೆಲವು ಕಾಲಂ ಖಾಲಿ ಇದೆ."

"ಖಾಲಿನಾ? ಜೊತೆಗೆ ಹದಿನಾಲ್ಕು ಪುಟ ಬರೆದು ಇಟ್ಟಿದ್ದೀನಲ್ಲಮ್ಮ!"

"ಓದಿದೆ ಮೇಡಂ. ಎರಡು ದಿನ ಓದಿದೆ. ಆದ್ರೆ ಮಗುವಿನ ಎತ್ತರ ಎಲ್ಲೂ ಸಿಗಲಿಲ್ಲ."

"ಐದಡಿ ಹತ್ತಂಗುಲ."

ಆ ಕಡೆ ಹಾಳೆ ತಿರುವಿದ ಸದ್ದಾಯಿತು. "ಮೇಡಂ, ಮಗು ಅಂತ ಬರೆದಿದೀರಿ."

"ನಂಗೆ ಮಗುನೇ ಅಲ್ವೇನಮ್ಮ?"

"ನಿಮಗೆ ಸರಿ ಮೇಡಂ. ಫಾರಂಗೆ ಆಗಲ್ಲ."

ಹನ್ನೊಂದು ವರ್ಷದ ಹಿಂದೆ ಯಾರೋ ಗೇಟಿಗೆ ಸಿಕ್ಕಿಸಿ ಹೋದ ಪಾರ್ಕಿನ ಬಣ್ಣದ ಪುಸ್ತಿಕೆಯಿಂದ ಇದೆಲ್ಲ ಶುರುವಾದದ್ದು. ದೊರೆ ಅದನ್ನು ಊಟದ ಮೇಜಿನ ಮೇಲೆ ಇಟ್ಟು, "ದೊರೆ ಇಲ್ಲಿಗೆ ಹೋಗ್ತಾನೆ," ಎಂದಿದ್ದ. ಅಮ್ಮ "ನೋಡೋಣ" ಎಂದಿದ್ದಳು.

ನೋಡೋಣ ಎಂದರೆ ಏನೆಂದು ಯಾವ ಮನೆಯ ಮಕ್ಕಳಿಗೂ ಗೊತ್ತು. ಇಲ್ಲ ಎನ್ನುವುದಕ್ಕೆ ಎಣ್ಣೆ ಸವರಿ ಬಾಚಿದ ಹೆಸರು ಅದು. ದೊರೆ ಮಾತ್ರ ಕುರ್ಚಿ ಎಳೆದುಕೊಂಡು ಕೂತು, ಪುಸ್ತಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡಿದ. ನೋಡಿ, ಮುಚ್ಚಿ, ಕಪಾಟಿನಲ್ಲಿ ಇಟ್ಟ. ಅಂದಿನಿಂದ ಆ ಮನೆಯಲ್ಲಿ ಯಾರು ಯಾವ ವಿಷಯಕ್ಕೆ ನೋಡೋಣ ಎಂದರೂ ಪುಸ್ತಿಕೆ ಹೊರಗೆ ಬರುತ್ತದೆ. ಅಪ್ಪ ಗೋಡೆಗೆ ಬಣ್ಣ ಹೊಡೆಸುವ ವಿಚಾರದಲ್ಲಿ ನೋಡೋಣ ಎಂದರೂ ಸರಿ, ದೊರೆ ಎದ್ದು ಹೋಗಿ ನೋಡುತ್ತಾನೆ.

ಕಳೆದ ವರ್ಷ ದೊರೆಯ ಅಕ್ಕ ಬಂದಿದ್ದಾಗ ಸಿಡುಕಿದ್ದಳು. "ಅಮ್ಮಾ, ಇವ್ನು ನೋಡಿ ನೋಡಿ ಅದರ ಬಣ್ಣಾನೇ ಹೋಯ್ತು. ಕರ್ಕೊಂಡಾದ್ರೂ ಹೋಗು, ಇಲ್ಲ ಆಗಲ್ಲ ಅಂತಾದ್ರೂ ಬಾಯ್ಬಿಟ್ಟು ಹೇಳು. ಏನದು ಮೀನಮೇಷ ಎಣಿಸ್ಕೊಂಡು!"

ಹಾಗಾಗಿ ಎಂಟು ತಿಂಗಳಿಂದ ತಯಾರಿ ನಡೆದಿದೆ. ಅಮ್ಮನ ಮೂರು ನೋಟ್‌ಪುಸ್ತಕ ತುಂಬಿವೆ. ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತರಾದ ಅಪ್ಪ, ಪಾರ್ಕಿನ ನಕ್ಷೆಯನ್ನು ದೊಡ್ಡ ಹಾಳೆಯ ಮೇಲೆ ಹೊಸದಾಗಿ ಬರೆದಿದ್ದಾರೆ. ಅದರಲ್ಲಿ ಹನ್ನೆರಡು ಶೌಚಾಲಯಗಳು ಕೆಂಪಿನಲ್ಲಿ, ಕುಡಿಯುವ ನೀರಿನ ನಲ್ಲಿಗಳು ನೀಲಿಯಲ್ಲಿ, ಊಹಿಸಿ ಬರೆದ ಒಳಚರಂಡಿ ಹಸಿರಿನಲ್ಲಿ. ಆಟಗಳಿಗೆ ಪೆನ್ಸಿಲಿನ ಚುಕ್ಕೆ. ಭಾನುವಾರಗಳಂದು ಪಡಸಾಲೆಯಲ್ಲಿ ಅಭ್ಯಾಸ. ಅಪ್ಪ ಟಿಕೆಟ್ ಹರಿಯುವವರಾಗಿ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾರೆ, ಅಮ್ಮ ಮತ್ತು ದೊರೆ ಸಾಲು ನಿಲ್ಲುತ್ತಾರೆ, ಗದ್ದಲ ಅಭ್ಯಾಸವಾಗಲೆಂದು ಮಿಕ್ಸಿ ಖಾಲಿ ತಿರುಗುತ್ತದೆ. ಮಿಕ್ಸಿ ಎರಡು ಸಲ ರಿಪೇರಿಗೆ ಹೋಗಿ ಬಂದಿದೆ. ಈ ವಿಷಯ ದೊರೆ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅಪ್ಪ ಅಮ್ಮಂಗೆ ಸಾಲಿನ ಆಟ ಇಷ್ಟ. ದೊರೆ ಜೊತೆಗೆ ಇರ್ತಾನೆ."

"ಇನ್ನೊಂದು ಕಾಲಂ ಮೇಡಂ," ಎಂದಳು ಕೌಂಟರಿನವಳು. "ಸಾಲಲ್ಲಿ ನಿಲ್ಲದೆ ಒಳಗೆ ಹೋಗೋ ಪಾಸ್ ಕೇಳಿದೀರಿ. ಕಾರಣ ಬರೆದಿಲ್ಲ. ಅವರಿಗೆ ಕಾಯೋಕೆ ಆಗಲ್ಲ ಅಂತ ಬರ್ಕೊಳ್ಳಲಾ?"

ಅಮ್ಮ ತಿರುಗಿ ನೋಡಿದಳು. ದೊರೆ ಶೀಟಿನ ಎರಡು ತುದಿಗಳನ್ನು ಭುಜದ ಮಟ್ಟಕ್ಕೆ ಹಿಡಿದು ನಿಂತಿದ್ದ. ಗಡಿಯಾರದಲ್ಲಿ ಎಂಟು ಗಂಟೆ ಹನ್ನೊಂದು ನಿಮಿಷ. ತುದಿ ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಅವಳ ಮಂಡಿಯೇ ಆಗಲೇ ನೋಯತೊಡಗಿತ್ತು.

ಅವಳು ಗೋಡೆಗೆ ಮುಖ ಮಾಡಿ ದನಿ ತಗ್ಗಿಸಿದಳು. "ಬರ್ಕೊಮ್ಮ. ಕಾಯೋಕೆ ಆಗಲ್ಲ."

"ಆಗುತ್ತೆ," ಎಂದ ದೊರೆ.

"ಯಾರೋ ಆಗುತ್ತೆ ಅಂದ್ರಲ್ಲ ಮೇಡಂ?"

"ಅದು ಟಿವಿ," ಎಂದಳು ಅಮ್ಮ. ಆ ಮನೆಯಲ್ಲಿ ಟಿವಿ ಕೆಟ್ಟು ಎರಡು ತಿಂಗಳಾಗಿತ್ತು.

ಅರ್ಧ ಮುಖಕ್ಕೆ ಶೇವಿಂಗ್ ನೊರೆ ಹಚ್ಚಿಕೊಂಡಿದ್ದ ಅಪ್ಪ ಬಚ್ಚಲಿನಿಂದ ತಲೆ ಹೊರಹಾಕಿದರು. "ಪಾರ್ಕಿನವ್ರಾ? ಗೇಟ್ ಹತ್ರದ ಶೌಚಾಲಯ ರಿಪೇರಿ ಆಯ್ತಾ ಕೇಳೇ. ನಕ್ಷೆ ತಿದ್ದಬೇಕು."

"ಸುಮ್ನಿರ್ರೀ."

"ಕೊನೆಯದಾಗಿ, ಯಾವ ಆಟಗಳಿಗೆ ಹೋಗ್ತಾರೆ ಅಂತ," ಎಂದಳು ಆಕೆ. "ನೀವು ಒಂದೇ ಒಂದು ಬರೆದಿದೀರಿ. ಪುಟಾಣಿ ರೈಲು."

"ಹೌದಮ್ಮ. ಅದು ನಿಧಾನ, ಸದ್ದಿಲ್ಲ, ಹೂದೋಟದ ಸುತ್ತ ಹೋಗುತ್ತೆ. ಮೂರು ಪುಸ್ತಕ ಯೋಚನೆ ಮಾಡಿ ಆರಿಸಿದೀನಿ."

"ಅದಕ್ಕೆ ನಾಲ್ಕಡಿ ಮೀರಿದವರನ್ನ ಹತ್ತಿಸಲ್ಲ ಮೇಡಂ."

ಅಮ್ಮ ಗೋಡೆಗೆ ಅಂಟಿಸಿದ್ದ ನಕ್ಷೆಯನ್ನು ನೋಡಿದಳು. ಹನ್ನೆರಡು ಶೌಚಾಲಯಗಳು ಕೆಂಪಗೆ ಅವಳನ್ನೇ ನೋಡುತ್ತಿದ್ದವು. ಒಳಚರಂಡಿ ಎಲ್ಲಿ ತಿರುಗುತ್ತದೆಂಬುದು ತಿಳಿದಿದ್ದ ಆ ಮನೆಯಲ್ಲಿ ಮಗನ ಎತ್ತರ ಯಾರಿಗೂ ಹೊಳೆದಿರಲಿಲ್ಲ.

"ಅವರಿಗೆ ಯಾವ್ದು ಇಷ್ಟ ಅಂತ ಅವರನ್ನೇ ಕೇಳಿ ಮೇಡಂ," ಎಂದಿತು ಫೋನು, ಅದೇನೂ ದೊಡ್ಡ ಮಾತಲ್ಲ ಎಂಬಂತೆ.

"ದೊರೆ, ಅಲ್ಲಿ ನಿಂಗೆ ಯಾವ ಆಟ ಬೇಕಪ್ಪ?"

"ಏಳನೇ ಪುಟ," ಎಂದ ದೊರೆ ತಡಮಾಡದೆ. "ತಿರುಗೋ ಡ್ರಮ್ಮು. ದೊರೆ ಒಳಗಿರ್ತಾನೆ."

ಏಳನೇ ಪುಟವನ್ನು ಅಮ್ಮ ಎಂಟು ತಿಂಗಳ ಹಿಂದೆಯೇ ಪೆನ್ಸಿಲಿನಿಂದ ಅಡ್ಡಗೀಟು ಎಳೆದು ತಳ್ಳಿಹಾಕಿದ್ದಳು. ಒಂದು ದೊಡ್ಡ ಉಕ್ಕಿನ ಪೀಪಾಯಿ, ಒಳಗೆ ಗೋಡೆಗೆ ಅಂಟಿಕೊಂಡು ನಿಂತ ಜನ, ಎಲ್ಲರ ಬಾಯಿಯೂ ಕಿರುಚಾಟಕ್ಕೆ ತೆರೆದದ್ದು. ಈಗ ಅವಳಿಗೆ ಲಾಂಡ್ರಿ ನೆನಪಾಯಿತು. ಊಟದ ಡಬ್ಬಿ ಕೊಡಲು ಹೋದಾಗಲೆಲ್ಲ ದೊರೆ ದೊಡ್ಡ ಮೆಷಿನ್ನಿನ ಮುಂದೆ ಸ್ಟೂಲು ಹಾಕಿಕೊಂಡು, ದುಂಡು ಗಾಜಿನ ಆಚೆ ಶೀಟುಗಳು ತಿರುಗುವುದನ್ನು ನೋಡುತ್ತಿರುತ್ತಿದ್ದ. ಪಾಪ, ದಣಿದಿದೆ, ಕೂತಿದೆ ಎಂದುಕೊಂಡು ಅವಳು ಡಬ್ಬಿ ಇಟ್ಟು ಬರುತ್ತಿದ್ದಳು. ಹನ್ನೊಂದು ವರ್ಷ ಅವನು ಡ್ರಮ್ಮನ್ನು ಹೊರಗಿನಿಂದಲೇ ನೋಡಿದ್ದ.

"ಅದಕ್ಕೆ ಎತ್ತರ ಸರಿಯಾಗಿದೆ ಮೇಡಂ," ಎಂದಳು ಆಕೆ, ಖುಷಿಯಾಗಿ. "ಜನ ಕಡಿಮೆ ಇರೋ ದಿನ ಒಂದೇ ಉಳಿದಿದೆ. ಇಪ್ಪತ್ತೊಂದು, ಮಂಗಳವಾರ. ಅದು ಬಿಟ್ರೆ ಮುಂದಿನ ವರ್ಷ. ಹಾಕ್ಲಾ?"

ಅಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ದೊರೆ ಹತ್ತೊಂಬತ್ತು ವರ್ಷದವನಿದ್ದಾಗ ಒಮ್ಮೆ ಪೇಟೆಯಲ್ಲಿ ಧ್ವನಿವರ್ಧಕದ ಅಬ್ಬರಕ್ಕೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತುಬಿಟ್ಟಿದ್ದ. ಜನ ಸುತ್ತ ನಿಂತಿದ್ದರು. ಒಬ್ಬ ನಕ್ಕಿದ್ದ. ದೊರೆ ಸಂಜೆಗೆ ಅದನ್ನು ಮರೆತು ಹೊಟ್ಟೆ ತುಂಬ ಉಂಡ. ಆ ನಗು ಕಿವಿಯಲ್ಲಿ ಉಳಿದದ್ದು ಅಮ್ಮನಿಗೆ. ಮೂರು ನೋಟ್‌ಪುಸ್ತಕಗಳಲ್ಲಿ ಆ ಒಬ್ಬನ ಮಾತು ಎಲ್ಲೂ ಇಲ್ಲ. ಬರೆದದ್ದೆಲ್ಲ ಆ ನಕ್ಕವನಿಂದಾಗಿಯೇ.

"ಮೇಡಂ? ಇಪ್ಪತ್ತೊಂದು?"

"ನೋಡೋಣಮ್ಮ," ಎಂದುಬಿಟ್ಟಳು.

ಎಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಇನ್ನು ಇವನು ಶೀಟು ಬಿಟ್ಟು ಕಪಾಟಿಗೆ ಹೋಗುತ್ತಾನೆ, ಪುಸ್ತಿಕೆ ತೆಗೆಯುತ್ತಾನೆ, ಮೊದಲ ಪುಟದಿಂದ ಶುರುಮಾಡುತ್ತಾನೆ ಎಂದು ಕಾದಳು.

ದೊರೆ ಹೋಗಲಿಲ್ಲ. ಕುರ್ಚಿಯ ಬೆನ್ನಿನಿಂದ ಅಮ್ಮನ ಎರಡು ತುದಿಗಳನ್ನೂ ಬಿಡಿಸಿಕೊಂಡ. ಶೀಟಿನ ಅಂಚನ್ನು ಗಲ್ಲದ ಕೆಳಗೆ ಒತ್ತಿ ಹಿಡಿದು, ಎರಡೂ ಕೈ ಚಾಚಿ, ಒಂದು ಸಲ ಕೊಡವಿದ. ಅರ್ಧವಾಯಿತು. ಅರ್ಧದ ಅರ್ಧವಾಯಿತು. ಅಂಚಿಗೆ ಅಂಚು, ಮೂಲೆಗೆ ಮೂಲೆ. ಎಲ್ಲೂ ನೆಲಕ್ಕೆ ತಾಗಲಿಲ್ಲ.

ಅಮ್ಮ ಫೋನು ಹಿಡಿದೇ ಬಾಯಿ ಬಿಟ್ಟು ನೋಡಿದಳು. "ಒಬ್ನೇ ಮಡಚೋಕೆ ಬರುತ್ತೇನೋ ನಿಂಗೆ?"

"ಬರುತ್ತೆ."

"ಮತ್ತೆ ಇಷ್ಟು ದಿನ ನನ್ನ ಯಾಕೆ ಕರೀತಿದ್ದೆ?"

"ಅಮ್ಮಂಗೆ ಇಷ್ಟ," ಎಂದ ದೊರೆ.

"ಲೈನಲ್ಲೇ ಇದೀನಿ ಮೇಡಂ, ನಿಧಾನವಾಗಿ ಹೇಳಿ," ಎಂದಿತು ಫೋನು. "ಕಾಯ್ತೀನಿ."

ಮಡಚಿದ ಶೀಟನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಒಮ್ಮೆ ನೇವರಿಸಿ, ದೊರೆ ಅಮ್ಮನ ಮುಂದೆ ಬಂದು ನಿಂತ. ಐದಡಿ ಹತ್ತಂಗುಲ. ಅವಳು ಕತ್ತೆತ್ತಿ ನೋಡಬೇಕಾಯಿತು. ಅವನ ಹುಬ್ಬು ಗಂಟಾಗಿತ್ತು. ಮಾತು ಕಲಿಸುವ ಟೀಚರ ಚಿತ್ರಗಳ ಮುಂದೆ ಕೂತಾಗ ಹೀಗೇ ಗಂಟಿಕ್ಕುತ್ತಿದ್ದ. ತುಟಿ ಎರಡು ಸಲ ಅಲುಗಿ ನಿಂತಿತು. ನೊರೆ ಒಣಗಿದ ಮುಖದ ಅಪ್ಪ ಬಚ್ಚಲ ಬಾಗಿಲಲ್ಲಿ ರೇಜರ್ ಹಿಡಿದು ನಿಂತೇ ಇದ್ದರು.

"ಅಮ್ಮ, ನೋಡಿ ಆಯ್ತು," ಎಂದ ದೊರೆ. "ಹೋಗೋದು ಯಾವಾಗ?"