ಫೋಟೊದ ಖಿಡಕಿ

ಅಡುಗೆಮನೆಯ ಗೋಡೆಯಲ್ಲಿ ಕಿಟಕಿಗೆಂದು ಬಿಟ್ಟಿದ್ದ ಜಾಗಕ್ಕೆ ಸರಕಾರಿ ಯೋಜನೆಯಲ್ಲಿ ನಮಗೆ ಮನೆ ಕಟ್ಟಿದ ಗುತ್ತೇದಾರ ಅಮಿತಕುಮಾರ ಇಟ್ಟಿಗೆ ಪೇರಿಸಿದ್ದ. ಹಾವು ಚೇಳು ಬಾರದಿರಲಿ, ಕಿಟಕಿ ಬರುವ ತನಕ ಮಾತ್ರ, ಎಂದಿದ್ದ. ನಮ್ಮೂರು ಎಕಂಬಾದಲ್ಲಿ ಎರಡು ಮಳೆಗಾಲ ಕಳೆದವು. ಒಲೆಯ ಹೊಗೆ ಹೋಗಲು ದಾರಿಯಿಲ್ಲದೆ ನನ್ನ ಅತ್ತೆ ಜಿಜಾಬಾಯಿಯ ಎದೆ ಸೇರಿತು. ಭಾಲ್ಕಿಯ ಡಾಕ್ಟರು ಗುಳಿಗೆ ಬರೆಯುತ್ತ, "ಅಡಗಿ ಮನ್ಯಾಗ ಖಿಡಕಿ ಅದ ಇಲ್ರಿ?" ಎಂದರು.

"ಬರ್ತದರಿ" ಎಂದೆ, ಊರಿಗೆ ಹೋದ ನೆಂಟರ ಬಗ್ಗೆ ಹೇಳುವಂತೆ.

ಒಂದು ಸೋಮವಾರ ಬಂದೇ ಬಂತು. ಅಮಿತಕುಮಾರ ಟಂಟಂ ಆಟೊದಲ್ಲಿ ನೀಲಿ ಬಣ್ಣದ ಕಬ್ಬಿಣದ ಕಿಟಕಿ ತಂದು, ಇಟ್ಟಿಗೆ ಕಿತ್ತು ಕೂಡಿಸಿದ. ಸುತ್ತ ಸಿಮೆಂಟಿಲ್ಲ, ಬರೀ ಕೆಸರು. ಅತ್ತೆ ಸರಳು ಹಿಡಿದು ಹೊರಗೆ ನೋಡಿದರು.

"ಬೇವಿನ ಗಿಡ ಇಲ್ಲಿಂದ ಕಾಣ್ತದಲ್ಲವ್ವ" ಎಂದು ನಕ್ಕರು.

ಮನೆ ಯೋಜನೆಯವನೊಬ್ಬ ಬಂದು, ಕೆಲಸ ಮುಗಿದ ದಾಖಲೆಗೆಂದು ಮೊಬೈಲಿನಲ್ಲಿ ಕಿಟಕಿಯ ಫೋಟೊ ಹೊಡೆದುಕೊಂಡ. ಅವನ ಬೈಕು ಊರ ಅಗಸಿ ಬಾಗಿಲು ದಾಟಿದ್ದೇ ತಡ, ಅಮಿತಕುಮಾರ ಹಾರೆ ಎತ್ತಿಕೊಂಡ.

"ಯಾಕ್ರಿ? ಈಗಷ್ಟ ಕೂಡಿಸೀರಿ."

"ನಾಳಿ ಗುರಮ್ಮನ ಮನಿ ಫೋಟೊ ಅದವ್ವ. ಖಿಡಕಿ ಇರೋದು ಒಂದೇ. ನಿಮ್ಮದು ಆಮ್ಯಾಲ ತರ್ತೇನಿ."

"ಮದುಮಗನ ಹಂಗ ಮನಿಮನಿ ಮೆರಸ್ತೀರೇನು ಇದಕ್ಕ?"

ಕಿಟಕಿಗೆ ಬೆನ್ನು ಕೊಟ್ಟು ನಿಂತೆ. ಅವನು ಜಗಳಕ್ಕೆ ಬರಲಿಲ್ಲ. ಹಿಂದಿನ ಓಣಿಯ ಗುರಮ್ಮನನ್ನೇ ಕರೆಸಿದ. ಬಾಣಂತಿ ಸೊಸೆಯನ್ನು ತಗಡಿನ ಶೆಡ್ಡಿನಲ್ಲಿಟ್ಟುಕೊಂಡಿದ್ದಳು ಆಕೆ.

"ಸಪನಾ, ಫೋಟೊ ಆಗೋತನಕ ಮನಿ ಕೀಲಿ ಕೊಡಲ್ಲ ಅಂತಾನ. ಕೂಸು ತಗಡಿನ ಕೆಳಗ ಬೇಯಲಾಕತ್ತದವ್ವ."

ಇನ್ನೂ ಹಿಡಿದೇ ಇದ್ದ ಸರಳು ಬಿಟ್ಟವರು ಅತ್ತೆಯೇ.

"ಒಯ್ಲಿ ಬಿಡು. ನನಗೇನು, ಕೆಮ್ಮು ರೂಢಿ ಆಗ್ಯಾದ."

ಸಂಜೆಯೊಳಗೆ ಇಟ್ಟಿಗೆಗಳು ಮತ್ತೆ ಏರಿದವು. ಈ ಸಲ ಸಿಮೆಂಟು ಹಚ್ಚಿದ.

ತೊಗರಿ ಹೂ ಬಿಟ್ಟಿತು, ಕಾಯಿ ಕಟ್ಟಿತು, ಕಿಟಕಿ ಬರಲಿಲ್ಲ. ಒಂದು ದಿನದ ಕೂಲಿ ಬಿಟ್ಟು ಔರಾದಿನ ಯೋಜನೆ ಕಚೇರಿಗೆ ಹೋದೆ. ನಾನು ಹೇಳಿ ಮುಗಿಸುವ ಮೊದಲೇ ಮೇಜಿನ ಹಿಂದಿದ್ದವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

"ಖಿಡಕಿ ಅದಲ್ಲವ್ವ. ನೀಲಿದು. ಒಳಗ ಈ ಅಜ್ಜಿ ಯಾರು? ಎಷ್ಟ ಖುಷಿಲಿಂದ ನಗಲಾಕತ್ತಾರ, ನೋಡು."

ಮನೆಗೆ ಬಂದಾಗ ಅತ್ತೆ ಕೆಮ್ಮುತ್ತ ರೊಟ್ಟಿ ಬಡಿಯುತ್ತಿದ್ದರು. ಹೊಗೆಯಲ್ಲಿ ಮುಖ ಸರಿಯಾಗಿ ಕಾಣಲಿಲ್ಲ.

"ಏನಂದ್ರವ್ವ?"

"ಫೋಟೊದಾಗ ನೀವು ನಕ್ಕೀರಂತ್ರಿ" ಎಂದೆ.

ಅವರು ರೊಟ್ಟಿ ತಿರುವಿ ಹಾಕಿದರು.