ಪಿನ್ ಹೊಡೆದ ಹಾಳೆಗಳು

ಲಿಫ್ಟ್ ರಿಪೇರಿ ಮಾಡುವವನಿಗೆ ಪುಸ್ತಕದ ಸಹವಾಸ ಶಾಲೆಯ ಜೊತೆಗೇ ಬಿಟ್ಟುಹೋಗಿತ್ತು. ಅಂಥವನ ಕೊರಳಿಗೆ ಹೆಂಡತಿ ಈ ಕೆಲಸ ಕಟ್ಟಿದಳು.

"ಇರುವೆಗೆ ಈಗ ಕಾಡು, ಹಡಗು, ನಿಧಿ ಎಲ್ಲಾ ಸಪ್ಪೆಯಂತೆ ರೀ. ಲೋಕ ಹಾಳಾದ ಮೇಲಿನ ಕಥೆಗಳೇ ಬೇಕಂತೆ. ಊರ ಸುತ್ತ ಗೋಡೆ, ಕಾವಲು, ಮಕ್ಕಳನ್ನ ಹಿಡ್ಕೊಂಡು ಹೋಗೋದು... ಒಂದನ್ನ ತಿರುವಿ ನೋಡಿದ್ರೆ ನನಗೇ ಎದೆ ಝಲ್ ಅಂತು. ಡ್ಯೂಟಿ ಮುಗಿಸಿ ಬಂದ್ರೆ ನನ್ನ ಕಣ್ಣು ಅಕ್ಷರದ ಮೇಲೆ ನಿಲ್ಲಲ್ಲ. ನೀವೇ ಮೊದಲು ಓದಿ, ಅವಳ ವಯಸ್ಸಿಗೆ ಆಗತ್ತಾ ನೋಡಿ ಕೊಡಿ."

ಇರುವೆ ಅಂದರೆ ಮಗಳು. ಹೆಂಡತಿಯ ಮಗಳು. ಪುಸ್ತಕ ಸಿಕ್ಕರೆ ಬೆಲ್ಲಕ್ಕೆ ಅಂಟಿದ ಹಾಗೆ ಅಂಟುತ್ತಾಳೆಂದು ಅಮ್ಮ ಇಟ್ಟ ಹೆಸರು. ಹದಿಮೂರು ತುಂಬಿ ಹದಿನಾಲ್ಕಕ್ಕೆ ಬಿದ್ದಿದ್ದಳು. ಅವಳ ಅಪ್ಪ ಹೃದಯದ ಕಾಯಿಲೆಯಿಂದ ತೀರಿಕೊಂಡಾಗ ಐದನೇ ತರಗತಿಯಲ್ಲಿದ್ದಳು. ಇವನು ಆ ಮನೆಗೆ ಬಂದು ಎರಡು ವರ್ಷವಾಗುತ್ತ ಬಂದಿದ್ದರೂ ಅವಳು ಇವನನ್ನು ಏನೆಂದೂ ಕರೆಯುತ್ತಿರಲಿಲ್ಲ. ಅಪ್ಪ ಅನ್ನಲಿಲ್ಲ, ಅಂಕಲ್ ಅನ್ನಲಿಲ್ಲ. "ನೋಡಿ" ಅಂತಲೋ "ಅಮ್ಮ ಕರೀತಿದಾಳೆ" ಅಂತಲೋ ಮಾತು ಎತ್ತಿ ಅಲ್ಲಿಗೇ ಇಳಿಸುತ್ತಿದ್ದಳು. ಜಗಳವಿಲ್ಲ, ಮುನಿಸಿಲ್ಲ. ಒಂದೇ ಲಿಫ್ಟಿನಲ್ಲಿ ನಿಂತ ಅಪರಿಚಿತರ ಹಾಗೆ ಇಬ್ಬರೂ ಎದುರಿನ ಬಾಗಿಲು ನೋಡಿಕೊಂಡಿದ್ದರು. ಹೆಂಡತಿ ಹೇಳಿದ ಕೆಲಸಕ್ಕೆ ಅವನು ಮರುಮಾತಿಲ್ಲದೆ ಹೂಂ ಅಂದದ್ದು ಅದಕ್ಕೇ.

"ವಯಸ್ಸೆಷ್ಟು?" ಎಂದು ಕೇಳಿದರು ಲೈಬ್ರರಿಯ ಮೇಡಂ.

"ಹದಿನಾಲ್ಕು ಅಂತ ಇಟ್ಕೊಳ್ಳಿ."

"ಪುಸ್ತಕದ ಹಿಂದೆ ಹದಿನಾಲ್ಕರ ಮೇಲ್ಪಟ್ಟವರಿಗೆ ಅಂತ ಹಾಕಿರ್ತಾರೆ. ಯಾವ ಹದಿನಾಲ್ಕು ಅಂತ ಹಾಕಿರಲ್ಲ. ಕೆಲವು ಮಕ್ಕಳು ಯುದ್ಧದ ಕಥೆ ಓದಿ ಹಾಯಾಗಿ ಮಲಗ್ತಾವೆ, ಕಥೇಲಿ ಒಂದು ನಾಯಿ ಸತ್ರೆ ಊಟ ಬಿಡ್ತಾವೆ. ನಿಮ್ಮ ಮಗಳು ಯಾತಕ್ಕೆ ಹೆದರ್ತಾಳೆ?"

ಜಿರಲೆಗೆ ಹೆದರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಚಪ್ಪಲಿಯಲ್ಲಿ ಹೊಡೆದದ್ದನ್ನು ಕಣ್ಣಾರೆ ಕಂಡಿದ್ದ. ಅದರಾಚೆಗೆ ಏನೂ ಗೊತ್ತಿರಲಿಲ್ಲ.

"ಕೇಳಿ ಹೇಳ್ತೀನಿ," ಎಂದ. ಕೇಳಲಿಲ್ಲ. ಹೇಗೆ ಕೇಳುವುದೆಂದೇ ತೋಚಲಿಲ್ಲ.

ಮೊದಲು ಒಂದು ಸಮುದ್ರಯಾನದ ಸಾಹಸ ಕಥೆ ತಂದುಕೊಟ್ಟ. ಬಿರುಗಾಳಿ, ಒಡೆದ ಹಡಗು, ದ್ವೀಪದಲ್ಲಿ ಸಿಕ್ಕಿಬಿದ್ದ ಅಣ್ಣತಂಗಿ. ಅವಳು ಒಂದೇ ಗುಕ್ಕಿಗೆ ಮುಗಿಸಿ ಮೇಜಿನ ಮೇಲಿಟ್ಟಳು.

"ಚೆನ್ನಾಗಿತ್ತಾ?"

"ಯಾರೂ ಸಾಯಲ್ಲ ಅಂತ ಮೊದಲನೇ ಪುಟದಲ್ಲೇ ಗೊತ್ತಾಗತ್ತೆ. ಇದು ಪುಟ್ಟ ಮಕ್ಕಳಿಗೆ."

ಹಾಗಾಗಿ ಎರಡನೇ ಸಲ ದಪ್ಪ ಪುಸ್ತಕವನ್ನೇ ತಂದ. ಗೋಡೆಯೊಳಗಿನ ಒಂದು ಊರು. ಅಲ್ಲಿ ಪ್ರತಿಯೊಬ್ಬರಿಗೂ ಅಂಕಗಳು. ಅಂಕ ಇದ್ದಷ್ಟು ದೀಪ, ಅಂಕ ಇದ್ದಷ್ಟು ನೀರು, ಕಾಯಿಲೆ ಬಿದ್ದರೆ ಮಂಚವೂ ಅಂಕ ಇದ್ದವರಿಗೇ. ಕಟ್ಟಡಗಳ ತುದಿಯ ಮೆಷಿನ್ ರೂಮಿನಲ್ಲಿ, ಮೋಟಾರಿನ ಪಕ್ಕ ಕಾಲು ಮಡಿಸಿ ಕೂತು, ಊಟದ ಹೊತ್ತಿನಲ್ಲಿ ಓದಿದ. ಮಗಳಿಗಾಗಿ ಶುರುಮಾಡಿದ್ದು ಅವನನ್ನೇ ಹಿಡಿದುಕೊಂಡಿತು. ಸರ್ವಿಸ್ ಆಫೀಸಿನಲ್ಲಿ ಹೆಬ್ಬೆರಳು ಒತ್ತಿ ಹಾಜರಿ ಹಾಕುವ ಯಂತ್ರ ಕೀಂ ಅಂದರೆ ಬೆಚ್ಚತೊಡಗಿದ. ಬೀದಿ ದೀಪ ಮಿಣುಕಿದರೆ ನಿಂತು ನೋಡುವನು. ಕೂತರೆ ಕೂರಲಾರ, ನಿಂತರೆ ನಿಲ್ಲಲಾರ.

"ಹೆಂಡ್ತಿ ಕೈಲಿ ಬೈಸ್ಕೊಂಡ್ಯಾ?" ಎಂದ ಜೊತೆಗಾರ.

"ಇಲ್ಲ ಮಾರಾಯ. ನೀರಿನ ಅಂಕ ಖಾಲಿಯಾಗಿದೆ."

ಜೊತೆಗಾರ ಅವನ ಹಣೆ ಮುಟ್ಟಿ ನೋಡಿದ.

ನಡುವೆ ಒಂದು ಅಧ್ಯಾಯ ಬಂತು. ಹುಡುಗಿಯ ಅಪ್ಪನಿಗೆ ಎದೆನೋವು. ಅಂಕ ಸಾಲದು, ಮಂಚ ಬೇರೆಯವರ ಪಾಲಾಗುತ್ತದೆ. ಹುಡುಗಿ ಅಪ್ಪನ ಕನ್ನಡಕ ಹಿಡಿದುಕೊಂಡು ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ ಕಾಯುತ್ತಾಳೆ. ಬಂದವರೆಲ್ಲ ದಾಟಿ ಹೋಗುತ್ತಾರೆ, ಯಾರೂ ಏನೂ ಹೇಳುವುದಿಲ್ಲ. ಅವನು ಊಟದ ಡಬ್ಬಿ ಮುಚ್ಚಿಟ್ಟ. ಇರುವೆಯ ಅಪ್ಪ ತೀರಿಕೊಂಡದ್ದೂ ಆಸ್ಪತ್ರೆಯಲ್ಲೇ, ಹೆಂಡತಿ ನರ್ಸ್ ಆಗಿರುವ ಅದೇ ಆಸ್ಪತ್ರೆಯಲ್ಲಿ. ಎರಡನೇ ಮಹಡಿಯ ಕಾರಿಡಾರಿಗೆ ಇವತ್ತಿಗೂ ಹೆಂಡತಿ ಕಾಲಿಡುವುದಿಲ್ಲ, ಸುತ್ತುಹಾಕಿಯೇ ಹೋಗುತ್ತಾಳೆ. ಅಷ್ಟು ಗೊತ್ತು. ಹೆಚ್ಚಿಗೆ ಅವಳು ಹೇಳಿರಲಿಲ್ಲ, ಇವನು ಕೆದಕಿರಲಿಲ್ಲ.

ಪುಸ್ತಕ ವಾಪಸ್ಸು ಕೊಡೋಣವೆಂದರೆ ಇರುವೆ ಆಗಲೇ ಚೀಲದಲ್ಲಿ ಅದನ್ನು ಕಂಡಿದ್ದಳು. "ಯಾವಾಗ ಮುಗಿಯತ್ತೆ ನಿಮ್ಮದು?" ಎಂದು ತಾನಾಗಿಯೇ ಕೇಳಿದ್ದಳು. ತಾನಾಗಿಯೇ! ಅದನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಕೊಟ್ಟರೆ ಕಷ್ಟ, ಬಿಟ್ಟರೆ ನಷ್ಟ. ಕೊನೆಗೆ ಆಫೀಸಿನ ಸ್ಟೇಪ್ಲರ್ ತೆಗೆದುಕೊಂಡು ಆ ಅಧ್ಯಾಯದ ಹಾಳೆಗಳನ್ನು ಒಟ್ಟಿಗೆ ಸೇರಿಸಿ ಅಂಚಿಗೆ ಪಟಪಟನೆ ಪಿನ್ ಹೊಡೆದ.

"ನಡುವೆ ಸ್ವಲ್ಪ ಪಿನ್ ಹಾಕಿದೀನಿ. ಅದನ್ನ ಬಿಟ್ಟು ಓದು. ಕಥೆ ಗೊತ್ತಾಗತ್ತೆ," ಎಂದು ಅವಳ ಕೈಗಿತ್ತ.

ಅವಳು ಪುಸ್ತಕದ ಅಂಚು ನೋಡಿದಳು, ಅವನ ಮುಖ ನೋಡಿದಳು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತುಸು ಹೊತ್ತಿಗೇ ಒಳಗಿನಿಂದ ಚಿಟ್ ಚಿಟ್ ಎಂದು ಪಿನ್ ಕೀಳುವ ಸದ್ದು ಕೇಳಿಸಿತು. ಬೇಡ ಅಂದದ್ದನ್ನೇ ಮೊದಲು ಮಾಡುವ ವಯಸ್ಸು ಅದು ಎನ್ನುವುದು ಅವನಿಗೆ ಆಗ ಹೊಳೆಯಿತು. ಹೊಳೆದು ಏನು ಪ್ರಯೋಜನ? ಅವಳು ಊಟಕ್ಕೆ ಬರಲಿಲ್ಲ.

ಮರುದಿನ ಅವನ ಮೈ ಕೆಲಸದಲ್ಲಿತ್ತು, ಜೀವ ಮನೆಯಲ್ಲಿತ್ತು. ಲಿಫ್ಟಿನ ತಲೆಯ ಮೇಲೆ ನಿಂತವನು ಸ್ಟಾಪ್ ಸ್ವಿಚ್ ಒತ್ತದೆಯೇ ಹಗ್ಗಕ್ಕೆ ಕೈ ಹಾಕಿದ. ಜೊತೆಗಾರ ಹಿಂದಿನಿಂದ ಅಂಗಿ ಹಿಡಿದೆಳೆದ. "ಸಾಯ್ಬೇಕು ಅಂತಿದ್ರೆ ಬೇರೆ ಕಡೆ ಸಾಯಿ ಮಾರಾಯ, ನನ್ನ ಪಾಳೀಲಿ ಬೇಡ! ಮನೆಗೆ ಹೋಗು ಮೊದಲು."

ಮನೆಗೆ ಹೋದರೆ ಶಾಲೆ ಬಿಟ್ಟು ಬರಬೇಕಾಗಿದ್ದ ಇರುವೆ ಬಂದಿರಲಿಲ್ಲ. ಹೊತ್ತಾದರೂ ಬರಲಿಲ್ಲ. ಫೋನ್ ಸ್ವಿಚ್ ಆಫ್. ಶಾಲೆಯ ಗೇಟಿಗೆ ಹೋದ, ಬೀಗ. ಲೈಬ್ರರಿಗೆ ಓಡಿದ, ಮೇಡಂ ತಲೆಯಾಡಿಸಿದರು. ಫುಟ್‌ಪಾತಿನಲ್ಲಿ ನಿಂತು ಹೆಂಡತಿಯ ನಂಬರ್ ತೆಗೆದ, ಏನೆಂದು ಹೇಳುವುದು? ನಿನ್ನ ಮಗಳಿಗೆ ಪುಸ್ತಕ ಆರಿಸಿಕೊಟ್ಟೆ, ಈಗ ಮಗಳೇ ಇಲ್ಲ ಅಂತಲೇ? ಆಗ ಆ ಅಧ್ಯಾಯದ ಉದ್ದನೆಯ ಕಾರಿಡಾರ್ ಕಣ್ಣ ಮುಂದೆ ಬಂತು. ಸಿಕ್ಕಿದ ಆಟೋ ಹತ್ತಿದ.

ಎರಡನೇ ಮಹಡಿಯ ತೀವ್ರ ನಿಗಾ ಘಟಕದ ಎದುರು ಬೆಂಚಿನ ಮೇಲೆ ಅವಳು ಕೂತಿದ್ದಳು. ಶಾಲೆಯ ಚೀಲ ಕಾಲ ಬಳಿ, ಪುಸ್ತಕ ತೊಡೆಯ ಮೇಲೆ. ಹೋದ ಜೀವ ಬಂದಂತಾಗಿ ಅವನು ಗೋಡೆಗೆ ಒರಗಿ ಹೆಂಡತಿಗೆ ಫೋನ್ ಮಾಡಿದ: "ಎರಡನೇ ಮಹಡಿಗೆ ಬಾ. ಇರುವೆ ಇಲ್ಲಿದಾಳೆ. ಏನೂ ಆಗಿಲ್ಲ, ಗಾಬರಿಯಾಗ್ಬೇಡ."

ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

"ಅವತ್ತು ಅಮ್ಮ ನನ್ನನ್ನ ನೀರು ತರೋಕೆ ಕಳಿಸಿದ್ಲು," ಎಂದಳು ಅವಳು, ಎದುರಿನ ಬಾಗಿಲನ್ನೇ ನೋಡುತ್ತ. "ಬಾಟ್ಲು ತಗೊಂಡು ಬಂದೆ. ಅಪ್ಪನ ಮಂಚ ಖಾಲಿ. ಹೊಸ ಹಾಸಿಗೆ ಬಟ್ಟೆ ಹಾಕ್ತಿದ್ರು. ಯಾರನ್ನ ಕೇಳಿದ್ರೂ ಅಮ್ಮ ಬರ್ತಾಳೆ ಕೂತ್ಕೋ ಅಂದ್ರು. ಇಲ್ಲೇ ಕೂತಿದ್ದೆ."

ಅವನು ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿದ.

"ನನಗೊಬ್ಬಳಿಗೇ ಹಾಗಾಗಿದ್ದು ಅಂದ್ಕೊಂಡಿದ್ದೆ. ಇದರಲ್ಲಿ ಹಾಗೇ ಇದೆ." ಅವಳು ಪುಸ್ತಕದ ಮೇಲೆ ಅಂಗೈ ಇಟ್ಟಳು. ಆಮೇಲೆ ಥಟ್ಟನೆ ಅವನ ಕಡೆ ತಿರುಗಿದಳು. ಮೂಗಿನ ತುದಿ ಕೆಂಪಾಗಿತ್ತು. "ನೀವೂ ಹಾಗೇ ಮಾಡಿದ್ರಿ. ಪಿನ್ ಹೊಡ್ದು ನನ್ನನ್ನ ಆಚೆ ಕಳಿಸಿದ್ರಿ."

ನಿನ್ನ ಒಳ್ಳೆಯದಕ್ಕೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

"ಹೌದು. ತಪ್ಪಾಯ್ತು. ನೀನು ತಡ್ಕೊಳಲ್ಲ ಅಂದ್ಕೊಂಡೆ. ನಿಜ ಹೇಳ್ಬೇಕಂದ್ರೆ ನನಗೇ ತಡ್ಕೊಳೋಕೆ ಆಗ್ಲಿಲ್ಲ."

"ಅತ್ರಾ?"

"ಅಳ್ಲಿಲ್ಲ. ಊಟ ಸೇರ್ಲಿಲ್ಲ."

ಅವಳು ಅವನನ್ನೇ ಒಂದು ಗಳಿಗೆ ನೋಡಿದಳು, ಹೊಸಬರನ್ನು ನೋಡುವ ಹಾಗೆ.

ಮೆಟ್ಟಿಲ ಬಳಿ ಹೆಂಡತಿ ಕಾಣಿಸಿಕೊಂಡಳು. ಕಾರಿಡಾರಿನ ಬಾಯಿಯಲ್ಲಿ ಗಕ್ಕನೆ ನಿಂತಳು. ಅವಳ ಕಾಲು ಮುಂದೆ ಬರಲೊಲ್ಲದು. ಕೊನೆಗೆ ನೀರಿಗೆ ಇಳಿಯುವವಳ ಹಾಗೆ ಒಂದೊಂದೇ ಹೆಜ್ಜೆಯಿಟ್ಟು ಬಂದಳು.

"ಅಮ್ಮಾ, ಅವತ್ತು ನನ್ನನ್ನ ನೀರು ತರೋಕೆ ಯಾಕೆ ಕಳಿಸ್ದೆ?"

ಹೆಂಡತಿ ಗಂಡನ ಮುಖ ನೋಡಿದಳು. ಅವಳು ಮಗಳ ಪಕ್ಕ ಕುಸಿದು ಕೂತಳು.

"ನಿಮ್ಮಪ್ಪ ಉಳಿಯಲ್ಲ ಅಂತ ಡಾಕ್ಟರ ಮುಖ ನೋಡೇ ನನಗೆ ಗೊತ್ತಾಗಿತ್ತು ಮರಿ. ಎಷ್ಟೋ ಜನಕ್ಕೆ ನಾನೇ ಹೇಳಿದೀನಿ, ಹೀಗಾಯ್ತು ಅಂತ. ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ. ಅದಕ್ಕೇ ಕಳಿಸ್ದೆ. ಆಮೇಲೆ ಹೇಳೋಣ, ನಾಳೆ ಹೇಳೋಣ ಅಂತ... ಹಾಗೇ ಉಳೀತು."

"ಅಪ್ಪ ನನ್ನ ಕೇಳಿದ್ರಾ?"

"ಕೇಳಿದ್ರು. ನೀರು ತರೋಕೆ ಹೋಗಿದಾಳೆ ಅಂದೆ. ಅಷ್ಟು ದೊಡ್ಡ ಬಾಟ್ಲು ಅವಳ ಕೈಲಿ ಎತ್ತೋಕೆ ಆಗತ್ತಾ ಅಂದ್ರು."

ಇರುವೆ ಅಮ್ಮನ ಸಮವಸ್ತ್ರದೊಳಗೆ ಮುಖ ಹುದುಗಿಸಿದಳು. ಭುಜ ಕುಲುಕುತ್ತಿತ್ತು. ತಾಯಿಮಗಳ ನಡುವೆ ತಾನೇಕೆಂದು ಅವನು ಮೆಲ್ಲನೆ ಎದ್ದ.

"ಎಲ್ಲಿಗೆ?" ಎಂದಿತು ಬಟ್ಟೆಯೊಳಗಿನ ದನಿ.

"ನೀರು..." ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡ.

"ಬೇಡ. ಕೂತ್ಕೊಳ್ಳಿ."

ಕೂತ.

ವಾರ ಕಳೆದ ಮೇಲೆ ಇಬ್ಬರೂ ಒಟ್ಟಿಗೇ ಲೈಬ್ರರಿಗೆ ಹೋದರು. ತೂತು ಬಿದ್ದ ಹಾಳೆಗಳನ್ನು ನೋಡಿ ಮೇಡಂ ಹುಬ್ಬು ಗಂಟಿಕ್ಕಿದರು. ಇರುವೆ ಅವನತ್ತ ಬೆರಳು ತೋರಿಸಿದಳು. ಅವನು ಕಪಾಟುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ಎರಡನೇ ಭಾಗ ಇದೆಯಾ?" ಎಂದು ಕೇಳಿದಳು.

"ಇದೆ. ಆದ್ರೆ ಮೊದಲನೇದಕ್ಕಿಂತ ಖಾರ ಜಾಸ್ತಿ," ಎನ್ನುತ್ತ ಮೇಡಂ ಅವನ ಕಡೆ ನೋಡಿದರು. "ಏನಂತೀರಾ?"

ಇರುವೆಯೇ ಹೇಳಿದಳು: "ಈ ಸಲ ನಾನು ಮೊದಲು ಓದ್ತೀನಿ ಮೇಡಂ. ಇವರಿಗೆ ಊಟ ಸೇರಲ್ಲ."

ಭಾನುವಾರ ಮಧ್ಯಾಹ್ನವೆಲ್ಲ ಅವಳು ಕಿಟಕಿಯ ಬಳಿ ಕಾಲು ಚಾಚಿ ಓದಿದಳು. ಅವನು ಅಡುಗೆಮನೆಗೆ ಹೋದ, ಬಂದ. ಸರಿಯಾಗಿಯೇ ಇದ್ದ ನಲ್ಲಿಯನ್ನು ಬಿಚ್ಚಿ ಮತ್ತೆ ಹಾಕಿದ. ಒಂದು ಪುಟದಲ್ಲಿ ಅವಳ ಕಣ್ಣು ನಿಂತುಬಿಟ್ಟಿತು. ಹಾಳೆ ಮಗುಚಲೇ ಇಲ್ಲ.

"ಏನಾಯ್ತು?" ಎಂದ ತಡೆಯಲಾರದೆ.

"ಹಡಗು ಸಿಕ್ಕಿದೆ. ಗೋಡೆ ದಾಟಿ ಹೋಗ್ತಿದಾರೆ. ಆದ್ರೆ ಎಲ್ಲರಿಗೂ ಜಾಗ ಇಲ್ಲ."

"ಯಾರನ್ನ ಬಿಟ್ಟು ಹೋಗ್ತಾರೆ?"

"ಅದನ್ನೇ ಓದ್ತಿದೀನಿ, ಸುಮ್ನಿರಿ." ಅವಳು ಕಾಲು ಮಡಚಿಕೊಂಡು ಸ್ವಲ್ಪ ಪಕ್ಕಕ್ಕೆ ಸರಿದಳು. "ತಲೆ ತಿನ್ನೋ ಬದಲು ಬಂದು ಕೂತ್ಕೊಳ್ಳಿ, ಗಟ್ಟಿಯಾಗಿ ಓದ್ತೀನಿ."