ಕೋವಿಗೆ ಇಟ್ಟ ಕುಂಕುಮ

ವಿಶಾಲಮ್ಮನವರ ಮನೆಯಲ್ಲಿ ಆಯುಧಪೂಜೆ ಎಂದರೆ ಮೇಲೆ ಮೇಲೆ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿ ಕೈತೊಳೆದುಕೊಳ್ಳುವ ಬಾಬತ್ತಲ್ಲ. ಈಳಿಗೆಮಣೆಯಿಂದ ಹಿಡಿದು ಮಗನ ಸ್ಕೂಟರಿನವರೆಗೆ ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿ, ಒರೆಸಿ, ಒಳಗೊಂದು ಹೊರಗೊಂದು ಬೊಟ್ಟಿಟ್ಟು, ಮತ್ತೆ ಸೇರಿಸಬೇಕು. ಸಂದಿಯಲ್ಲಿ ಕೊಳೆ ಇಟ್ಟುಕೊಂಡು ಮೇಲೆ ಕುಂಕುಮ ಇಡುವುದು ದೇವರ ಕಣ್ಣಿಗೆ ಮಣ್ಣೆರಚಿದ ಹಾಗೆ ಎಂದು ಅವರ ವಾದ. ಸೇರಿಸಿದ್ದನ್ನು ಬಿಗಿಯುವುದಂತೂ ಅವರೇ. ಅವರು ಬಿಗಿದ ಮಿಕ್ಸಿ ಮುಚ್ಚಳವನ್ನು ತೆಗೆಯಲು ಮಗ ಗೌರೀಶನೇ ಬರಬೇಕಾಗುತ್ತಿತ್ತು. ಹಳ್ಳಿ ಬಿಟ್ಟು ಚಾಮರಾಜಪೇಟೆಗೆ ಬಂದು ನಲವತ್ತು ವರ್ಷವಾದರೂ ಅವರ ಕೈಯಿಂದ ರಾಗಿ ಬೀಸುವ ಕಲ್ಲಿನ ಬಲ ಇಳಿದಿರಲಿಲ್ಲ.

ಆ ವರ್ಷ ಪೂಜೆಯ ಸಾಲಿನಲ್ಲಿ ಹೊಸದೊಂದು ಬಂದು ಕೂತಿತ್ತು. ಮೊಮ್ಮಗಳು ಯಶಶ್ರೀಯ ಕೋವಿ.

ಹೊಸದು ಎನ್ನುವುದೂ ಪೂರ್ತಿ ನಿಜವಲ್ಲ. ವಿಶಾಲಮ್ಮನವರ ಯಜಮಾನರು ಮರದ ವ್ಯಾಪಾರಿ. ಹರಾಜಿಗೆಂದು ಕಾಡು ಸುತ್ತುವಾಗ, ಎಲ್ಲಾದರೂ ದಾರಿ ತಪ್ಪಿದರೆ ಹೊಟ್ಟೆಗೊಂದು ಆಧಾರವಿರಲಿ ಎಂದು ಎರಡು ತುಂಡಾಗಿ ಬಿಚ್ಚಿ ಹೆಗಲಚೀಲದಲ್ಲಿ ಇಟ್ಟುಕೊಳ್ಳುವಂಥ ಸಣ್ಣ ಗುಂಡಿನ ರೈಫಲ್ ಒಂದನ್ನು ಲೈಸೆನ್ಸು ಮಾಡಿಸಿ ಕೊಂಡಿದ್ದರು. ದಾರಿ ಒಮ್ಮೆಯೂ ತಪ್ಪಲಿಲ್ಲ. ಅವರು ತೀರಿಕೊಂಡ ಮೇಲೆ ಲೈಸೆನ್ಸು ಗೌರೀಶನ ಹೆಸರಿಗೆ ಬಂತು, ಮರ ಸೀಳು ಬಿಟ್ಟ ಕೋವಿ ಬೀರುವಿನಲ್ಲಿ ಮಲಗಿತ್ತು.

ಯಶಶ್ರೀಗೆ ಕಾಲೇಜಿನ ಎನ್‌ಸಿಸಿಯಲ್ಲಿ ಗುರಿಯ ಹುಚ್ಚು ಹಿಡಿದಾಗ ಅದು ನೆನಪಾಯಿತು. ಹುಡುಗಿ ಗಿಡ್ಡ, ಮೈಯಲ್ಲಿ ಒಂದು ಹಿಡಿ ಮಾಂಸವಿಲ್ಲ. ಅಭ್ಯಾಸಕ್ಕೆ ಹೋಗುತ್ತಿದ್ದ ಶೂಟಿಂಗ್ ಕ್ಲಬ್ಬಿನ ಭಾರದ ರೈಫಲ್ ಹಿಡಿದರೆ ಎಡಗೈ ನಡುಗುತ್ತಿತ್ತು. ಪರದೇಶದ ಹಗುರ ರೈಫಲ್ಲು ತರಿಸುವುದು ಗೌರೀಶನಿಗೆ ಆಗದ ಮಾತು. ಪೇಟೆಯಲ್ಲಿ ಸರ್ಕಾರದ ಪರವಾನಗಿ ಪಡೆದು ಕೋವಿ ರಿಪೇರಿ ಮಾಡುತ್ತಿದ್ದ ಶಿವರುದ್ರಪ್ಪ ಹಳೆಯ ನಳಿಗೆಯನ್ನೇ ಇಟ್ಟುಕೊಂಡು, ವಿಶಾಲಮ್ಮನವರ ಮನೆಯ ಅಟ್ಟದಲ್ಲಿದ್ದ, ಹಗುರವಾದ ಶಿವನಿ ಮರದ ಹಲಗೆಯಿಂದ ಹುಡುಗಿಯ ಭುಜದ ಅಳತೆಗೆ ಹೊಸ ಮೈ ಕೆತ್ತಿದರು. ಎರಡು ತುಂಡು, ನಡುವೆ ಒಂದೇ ಸ್ಕ್ರೂ. ಸೇರಿಸಿ ಕೈಗೆ ಕೊಟ್ಟ ದಿನ ಯಶಶ್ರೀ ಅದನ್ನು ಕೆನ್ನೆಗಿಟ್ಟುಕೊಂಡವಳು ಬಹಳ ಹೊತ್ತು ಕೆಳಗಿಡಲಿಲ್ಲ. ವಿಶಾಲಮ್ಮ ಎತ್ತಿ ನೋಡಿ ಬೆರಗಾದರು. ತೆಂಗಿನಕಾಯಿ ತುಂಬಿದ ಕೈಚೀಲ ಇದಕ್ಕಿಂತ ಭಾರ.

"ಈ ಸ್ಕ್ರೂ ಬೆರಳು ಸಾಕು ಅನ್ನೋವರ್ಗೆ ತಿರುಗಿಸ್ಬೇಕು ತಾಯಿ, ಅಷ್ಟೇ" ಎಂದಿದ್ದರು ಶಿವರುದ್ರಪ್ಪ. "ಜಾಸ್ತಿ ಬಿಗಿದ್ರೆ ಮರ ಮುನಿಸ್ಕೊಳ್ಳತ್ತೆ. ನಳಿಗೆ ಒಂದು ಕೂದಲು ಪಕ್ಕಕ್ಕೆ ತಿರುಗಿದ್ರೂ ಗುರಿ ಹತ್ರ ಹೋಗೋಷ್ಟ್ರಲ್ಲಿ ಒಂದು ಬೆರಳಾಗತ್ತೆ." ಹೇಳಿದ್ದು ಮೊಮ್ಮಗಳಿಗೆ. ವಿಶಾಲಮ್ಮ ಆಗ ಕಾಫಿ ತರಲು ಒಳಗೆ ಹೋಗಿದ್ದರು.

ರಾಜ್ಯದ ಜೂನಿಯರ್ ತಂಡಕ್ಕೆ ಆಯ್ಕೆ ವಿಜಯದಶಮಿಯ ಬೆಳಿಗ್ಗೆ ಎಂದು ಗೊತ್ತಾಯಿತು. ರಜೆ, ಮಕ್ಕಳೆಲ್ಲ ಸಿಗುತ್ತಾರೆ ಎಂದು ಇಟ್ಟಿದ್ದರಂತೆ. ನಾಲ್ಕು ಹುಡುಗಿಯರನ್ನು ಆರಿಸುತ್ತಾರೆ. ಯಶಶ್ರೀಗೆ ಮುಂದಿನ ವರ್ಷಕ್ಕೆ ಜೂನಿಯರ್ ವಯಸ್ಸು ದಾಟುತ್ತಿತ್ತು, ಹಾಗಾಗಿ ಇದೇ ಕಡೆಯ ಸಲ.

"ಅಜ್ಜಿ, ಕೋವಿಗೆ ಹೊರಗಿಂದ ಒಂದೇ ಒಂದು ಬೊಟ್ಟಿಡು, ಸಾಕು" ಎಂದು ನವಮಿಯ ದಿನ ಹೇಳಿ ಹುಡುಗಿ ಕ್ಲಬ್ಬಿಗೆ ಹೋದಳು. ಗುಂಡು ಹಾರಿಸುವ ಬೋಲ್ಟು, ಗುಂಡು ಎಲ್ಲ ಬೀರುವಿನಲ್ಲಿ ಭದ್ರವಾಗಿದ್ದವು.

ಒಂದೇ ಬೊಟ್ಟು! ಮನೆಯ ಒನಕೆಗೆ ಮೂರು, ಮಗುವಿನ ಭವಿಷ್ಯ ನಿಂತಿರುವ ಆಯುಧಕ್ಕೆ ಒಂದೇ? ವಿಶಾಲಮ್ಮನ ಮನಸ್ಸು ಒಪ್ಪಲಿಲ್ಲ. ಸ್ಕ್ರೂ ತಲೆಯ ಸೀಳಿನಲ್ಲಿ ಒಂದು ರೂಪಾಯಿ ನಾಣ್ಯ ಸರಿಯಾಗಿ ಕೂತಿತು. ಬಿಚ್ಚಿದರು, ಹತ್ತಿಬಟ್ಟೆಯಲ್ಲಿ ಒರೆಸಿದರು. ಎರಡು ತುಂಡು ಕೂಡುವ ಜಾಗದಲ್ಲಿ, ಯಾರ ಕಣ್ಣಿಗೂ ಕಾಣದ ಕಡೆ, ತೇಯ್ದ ಗಂಧ ಹಚ್ಚಿ ಮೇಲೆ ಕುಂಕುಮವಿಟ್ಟು "ನನ್ನ ಕೂಸಿನ ಕೈ ಬಿಡಬೇಡಪ್ಪ" ಎಂದು ಬೇಡಿಕೊಂಡರು. ಆಮೇಲೆ ಸೇರಿಸಿ, ರಟ್ಟೆಯ ಬಲವನ್ನೆಲ್ಲ ಹಾಕಿ ಬಿಗಿದರು. ಪೂಜೆಗಿಟ್ಟದ್ದನ್ನು ದಶಮಿಯ ಮಂಗಳಾರತಿ ಆಗುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಯಶಶ್ರೀಯೂ ಮುಟ್ಟಲಿಲ್ಲ. ಬೆಳಿಗ್ಗೆ ಆರತಿ ಮುಗಿಸಿ ಹೊರಟಾಗ, ಬಾಡಿಗೆ ಕಾರಿನಲ್ಲಿ ಹೊರಗಿನ ಕುಂಕುಮವನ್ನಷ್ಟೇ ಒರೆಸಿಕೊಂಡಳು.

ವಿಶಾಲಮ್ಮ ಗುರಿ ಹೊಡೆಯುವ ರೇಂಜಿಗೆ ಬಂದದ್ದು ಅದೇ ಮೊದಲು. ಉದ್ದನೆಯ ಮಾಡಿನ ಕೆಳಗೆ ಹುಡುಗಿಯರು ಚಾಪೆ ಹಾಸಿ ಬೋರಲು ಮಲಗಿದ್ದರು. ಎಲ್ಲರ ಕೈಯಲ್ಲೂ ದಪ್ಪ ದಪ್ಪ ರೈಫಲ್ಲು, ನಡುವೆ ಯಶಶ್ರೀಯದು ಸಣಕಲು. ಯಾರೋ "ಇದೇನು ಕಾಡುಕೋಳಿ ಹೊಡಿಯೋ ಕೋವಿನಾ" ಎಂದು ನಕ್ಕರು. ವಿಶಾಲಮ್ಮನಿಗೆ ಅವರ ಮೇಲೆ ಸಿಟ್ಟು ಬಂತು. ಆದರೆ ಮೊಮ್ಮಗಳ ಕಡೆ ತಿರುಗಿದವರೇ ಸಿಟ್ಟನ್ನು ಮರೆತರು. ಮನೆಯಲ್ಲಿ ಒಂದು ಗಳಿಗೆ ಕೂತಲ್ಲಿ ಕೂರದ ಹುಡುಗಿ, ಊಟದ ತಟ್ಟೆ ಹಿಡಿದು ಮೂರು ಕೋಣೆ ಸುತ್ತುವ ಹುಡುಗಿ, ಅಲ್ಲಿ ನೆಲಕ್ಕೆ ಬೇರು ಬಿಟ್ಟವಳಂತೆ ಮಲಗಿದ್ದಳು. ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು, ನಿಲ್ಲುತ್ತಿತ್ತು. ಆಗ ಒಂದು ಸಣ್ಣ ಸದ್ದು. ಇವಳು ನಮ್ಮ ಯಶಿಯೇ ಎಂದು ಅವರಿಗೆ ಅನುಮಾನ ಬರುವಷ್ಟು ಅವಳು ಬೇರೆಯಾಗಿ ಕಂಡಳು.

ಪಕ್ಕದಲ್ಲಿ ಕೋಚ್ ಬದರೀನಾರಾಯಣ ದುರ್ಬೀನಿಗೆ ಕಣ್ಣಿಟ್ಟು ಕೂತಿದ್ದರು. ಹತ್ತು ಗುಂಡಿನ ಆರು ಸುತ್ತು. ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಅವರ ಹುಬ್ಬು ಗಂಟಿಕ್ಕಿತು.

"ಗುಂಡು ಜಾಗ ಬಿಟ್ಟು ಅಲೀತಿದೆ. ಇವಳು ಹಾಗೆ ಹೊಡಿಯೋಳಲ್ಲ. ಏನೋ ಹೆಚ್ಚುಕಮ್ಮಿ ಆಗಿದೆ ಒಳಗೆ."

ಯಶಶ್ರೀ ಕೆನ್ನೆ ಎತ್ತಿದಳು. ಕೆನ್ನೆಯ ಮೇಲೆ ಒಂದು ಕೆಂಪು ಗೆರೆ ಇತ್ತು. ಹೊರಗಿನದನ್ನೆಲ್ಲ ಒರೆಸಿದ್ದ ಕೋವಿಯಿಂದ ಬಂದ ಕುಂಕುಮ. ಗಂಧ ಒಣಗಿ, ಗುಂಡಿನ ಅದುರಿಗೆ ಪುಡಿಯಾಗಿ, ಸಂದಿಯಿಂದ ಉದುರುತ್ತಿತ್ತು. ಅದು ತಾವೇ ಇಟ್ಟದ್ದೆಂದು ವಿಶಾಲಮ್ಮನಿಗೆ ಹೊಳೆಯಿತು. ಅವರು ಎದ್ದೇಬಿಟ್ಟರು.

"ಕೂತ್ಕೊಳ್ಳಿ ಅಮ್ಮಾ" ಎಂದರು ಬದರೀನಾರಾಯಣ ಮೆಲ್ಲಗೆ. "ಈಗ ಯಾರಾದ್ರೂ ಮಾತಾಡಿದ್ರೆ ಅವಳನ್ನ ಹೊರಗೆ ಹಾಕ್ತಾರೆ."

ತಪ್ಪು ಮಾಡಿದವರೇ ಬಾಯಿ ಮುಚ್ಚಿಕೊಂಡು ಕೂರಬೇಕಾದ ಶಿಕ್ಷೆಗಿಂತ ದೊಡ್ಡದು ವಿಶಾಲಮ್ಮನಿಗೆ ಬೇರೆ ಇರಲಿಲ್ಲ. ಮೂರನೆಯ ಸುತ್ತೂ ಕೆಟ್ಟಿತು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೂತರು.

ಯಶಶ್ರೀ ಕೈ ಎತ್ತಿ ಅಧಿಕಾರಿಯ ಅನುಮತಿ ಕೇಳಿ, ಗುಂಡು ತೆಗೆದು, ಎದ್ದು ಕೂತಳು. ಗಡಿಯಾರ ಓಡುತ್ತಿತ್ತು. ಅಕ್ಕಪಕ್ಕದವರು ಹೊಡೆಯುತ್ತಲೇ ಇದ್ದರು. ಅವಳು ಅವಸರ ಮಾಡಲಿಲ್ಲ. ಸ್ಕ್ರೂ ಬಿಚ್ಚಲು ಎರಡು ಸಲ ಪ್ರಯತ್ನಪಟ್ಟಳು, ಮೂರನೆಯ ಸಲ ಅದು ಬಂತು. ತುಂಡುಗಳನ್ನು ಬಿಡಿಸಿ ನೋಡಿದಳು. ಒಳಗಿನ ಕೆಂಪನ್ನು ಕಂಡ ಮುಖದಲ್ಲಿ ಒಂದು ಕ್ಷಣ ಏನೋ ಹಾದುಹೋಯಿತು. ದುಪಟ್ಟಾದ ತುದಿಯಿಂದ ಎರಡೂ ಮೈಯನ್ನು ಒರೆಸಿದಳು, ಸೇರಿಸಿದಳು, ಎರಡೇ ಬೆರಳಿನಲ್ಲಿ ತಿರುಗಿಸಿ, ಸಾಕೆನಿಸಿದ ಕಡೆ ನಿಲ್ಲಿಸಿದಳು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಳು. ಮತ್ತೆ ಮಲಗಿದಳು.

ಆಮೇಲೆ ನಡೆದದ್ದನ್ನು ವಿಶಾಲಮ್ಮ ಎಷ್ಟೋ ವರ್ಷ ಹೇಳಲು ಹೋಗಿ, ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದರು. ನಾಲ್ಕನೆಯ ಸುತ್ತು ಸುಧಾರಿಸಿತು, ಐದನೆಯದು ಇನ್ನೂ. ಆರನೆಯ ಸುತ್ತಿಗೆ ಸಮಯ ತೀರುತ್ತ ಬಂದಿತ್ತು. ಬೇರೆಯವರೆಲ್ಲ ಮುಗಿಸಿ ಎದ್ದಿದ್ದರು, ನಕ್ಕವರೂ ನಿಂತು ನೋಡುತ್ತಿದ್ದರು. ಬೆನ್ನು ಏರುವುದು, ಇಳಿಯುವುದು, ನಿಲ್ಲುವುದು. ಸದ್ದು. ಬದರೀನಾರಾಯಣ ಎಣಿಸುವುದನ್ನು ಬಿಟ್ಟು ದುರ್ಬೀನನ್ನು ವಿಶಾಲಮ್ಮನ ಕಡೆ ತಿರುಗಿಸಿದರು. ದೂರದ ಕಾಗದದ ನಟ್ಟನಡುವೆ ಹುಣಸೆಬೀಜದಷ್ಟು ಒಂದೇ ತೂತು. ಹತ್ತೂ ಗುಂಡು ಅದರಲ್ಲೇ ಹೋಗಿದ್ದವು.

"ನೂರಕ್ಕೆ ನೂರು" ಎಂದರು ಅವರು.

ಒಟ್ಟು ಲೆಕ್ಕದಲ್ಲಿ ನಾಲ್ಕನೆಯ ಜಾಗಕ್ಕೆ ಇಬ್ಬರು ಸಮ ಬಂದರು. ಸಮ ಬಂದರೆ ಕಡೆಯ ಸುತ್ತು ನೋಡುವುದು ನಿಯಮ. ಯಶಶ್ರೀ ತಂಡಕ್ಕೆ ಸೇರಿದಳು.

"ಏನಾಗಿತ್ತು ಕೋವಿಗೆ?" ಎಂದು ಬದರೀನಾರಾಯಣ ಕೇಳಿದರು.

"ಸ್ಕ್ರೂ, ಸರ್. ನನ್ನ ಕೋವಿ, ನಾನೇ ನೋಡ್ಕೋಬೇಕಿತ್ತು" ಎಂದಳು.

"ಸುಳ್ಳು ಹೇಳ್ತಾವ್ಳೆ" ಎಂದರು ವಿಶಾಲಮ್ಮ. "ಬಿಚ್ಚಿದ್ದು ನಾನು, ಬಿಗಿದಿದ್ದೂ ನಾನು." ಬದರೀನಾರಾಯಣ ಇಬ್ಬರನ್ನೂ ನೋಡಿ, ದುರ್ಬೀನು ಎತ್ತಿಕೊಂಡು ಆಚೆ ಹೋದರು.

ಕಾರಿನ ಹತ್ತಿರ ವಿಶಾಲಮ್ಮ ಮೊಮ್ಮಗಳನ್ನು ತಡೆದು ನಿಲ್ಲಿಸಿದರು. "ಒಂದ್ಮಾತು ಬೈಬಾರ್ದೇನೇ ನನ್ನ? ನಿನಗೆ ಸಿಟ್ಟೇ ಬರ್ಲಿಲ್ವಾ?"

"ಬಂತು ಅಜ್ಜಿ. ತುಂಬಾ ಬಂತು" ಎಂದಳು ಯಶಶ್ರೀ. "ಬಿಚ್ಚಿ ನೋಡಿದಾಗ ಅಲ್ಲೇ ಅಳು ಬಂದಿತ್ತು. ಆದ್ರೆ ಸಿಟ್ಟಿಟ್ಕೊಂಡು ಮಲಗಿದ್ರೆ ಉಸಿರು ನಿಲ್ಲಲ್ಲ. ನಿನ್ನ ಕೈಯಾರೆ ಇಟ್ಟ ಬೊಟ್ಟು ಅಂತ ನೆನೆಸ್ಕೊಂಡೆ. ಆಮೇಲೆ ನಿಂತ್ಕೊಳ್ತು."

ಅಂದು ವಿಜಯದಶಮಿ. ಮನೆಯ ಕಿರಿಯರೆಲ್ಲ ಹಿರಿಯರ ಕಾಲಿಗೆ ಬೀಳುವ ದಿನ. ಯಶಶ್ರೀ ಬಗ್ಗಲು ಹೋದಳು. ವಿಶಾಲಮ್ಮ ಬಿಡಲಿಲ್ಲ. ಅವಳ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಬೆರಳುಗಳನ್ನು ಒಮ್ಮೆ ಸವರಿ, ಮೆಲ್ಲಗೆ ಎತ್ತಿ ಕಣ್ಣಿಗೊತ್ತಿಕೊಂಡರು.